ರೇಡಿಯೇಟರ್ ಫ್ಯಾನ್ ನಿಲ್ಲದೆ ಓಡುತ್ತಿದೆಯೇ? ಕಾರಣ ಹುಡುಕುವ ಬಗೆ

ಕಾರಿನ ರೇಡಿಯೇಟರ್ ಫ್ಯಾನ್ ತನ್ನಷ್ಟಕ್ಕೆ ತಿರುಗುವುದಿಲ್ಲ. ಯಾರೋ ತಿರುಗು ಅನ್ನುತ್ತಾರೆ, ತಿರುಗುತ್ತದೆ. ಹಾಗಾಗಿ ಫ್ಯಾನ್ ನಿಲ್ಲುತ್ತಿಲ್ಲ ಎಂದು ಫ್ಯಾನನ್ನೇ ಬಿಚ್ಚಿ ಕೂರುವುದು ದಂಡ. ಹುಡುಕಬೇಕಾದದ್ದು ಅಪ್ಪಣೆ ಎಲ್ಲಿಂದ ಬರುತ್ತಿದೆ ಎನ್ನುವುದನ್ನು. ಅಪ್ಪಣೆ ಬರುವ ಜಾಗ ನಾಲ್ಕೇ: ನಿಜವಾಗಿಯೂ ಕಾದಿರುವ ಎಂಜಿನ್, ಎಸಿ, ಸೆನ್ಸರ್ ಹೇಳಿದ್ದನ್ನು ನಂಬಲಾಗದೆ ಮುನ್ನೆಚ್ಚರಿಕೆಗೆ ಇಳಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಮತ್ತು ಯಾರ ಮಾತೂ ಕೇಳದಂತೆ ಕೆಟ್ಟುಹೋದ ರಿಲೇ (ಅಪ್ಪಣೆ ಬಂದಾಗ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು), ವೈರಿಂಗ್ ಅಥವಾ ಫ್ಯಾನ್ ಮಾಡ್ಯೂಲ್ (ಕೆಲವು ಗಾಡಿಗಳಲ್ಲಿ ರಿಲೇ ಬದಲು ಇರುವ ಎಲೆಕ್ಟ್ರಾನಿಕ್ ನಿಯಂತ್ರಕ).

ಸದ್ದು ತಡೆಯಲಾರದೆ ಫ್ಯಾನಿನ ಕನೆಕ್ಟರ್ ಕಿತ್ತಿಟ್ಟು ಗಾಡಿ ಓಡಿಸುವವರಿದ್ದಾರೆ. ಸದ್ದೇನೋ ಅಡಗುತ್ತದೆ. ಓಡುವಾಗ ಎದುರುಗಾಳಿ ಇರುವುದರಿಂದ ಏನೂ ತಿಳಿಯುವುದೂ ಇಲ್ಲ. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತಾಗ ರೇಡಿಯೇಟರಿಗೆ ಫ್ಯಾನ್ ಒಂದೇ ಗತಿ. ಅದು ಇಲ್ಲದೆ ಕುದಿದ ಎಂಜಿನ್ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಕಳೆದುಕೊಳ್ಳುತ್ತದೆ. ಕಾರಣ ಸಿಗುವವರೆಗೆ ಫ್ಯಾನ್ ಓಡುತ್ತಲೇ ಇರಲಿ. ಸದ್ದಿನಿಂದ ಎಂಜಿನ್ ಸಾಯುವುದಿಲ್ಲ.

ಮೊದಲು: ಇದು ದೋಷವೇ ಹೌದೇ?

ಎಸಿ ಹಾಕಿದ್ದರೆ ಬಹುತೇಕ ಕಾರುಗಳಲ್ಲಿ ಫ್ಯಾನ್ ಓಡಲೇಬೇಕು. ರೇಡಿಯೇಟರಿನ ಮುಂದೆ ನಿಂತಿರುವ ಎಸಿ ಕಂಡೆನ್ಸರಿಗೂ (ಎಸಿ ಗ್ಯಾಸಿನ ಬಿಸಿ ಹೊರಬಿಡುವ ಜಾಲರಿಗೂ) ಅದೇ ಗಾಳಿ. ಮುಂದಿನ ಗಾಜಿನ ಮಂಜು ತೆಗೆಯುವ ಡಿಫಾಗ್ ಒತ್ತಿದಾಗ, ಕ್ಲೈಮೇಟ್ ಕಂಟ್ರೋಲ್ ‘ಆಟೋ’ದಲ್ಲಿದ್ದಾಗ, ಎಸಿ ದೀಪ ಉರಿಯದಿದ್ದರೂ ಕಂಪ್ರೆಸರ್ ಎದ್ದುಕೊಳ್ಳುವ ಕಾರುಗಳಿವೆ. ಆದ್ದರಿಂದ ಪರೀಕ್ಷೆಗೆ ಎಸಿ ಬಟನ್ ಮಾತ್ರವಲ್ಲ, ಬ್ಲೋವರನ್ನೂ ಪೂರ್ತಿ ಆಫ್ ಮಾಡಿ.

ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ಕೆಲವು ನಿಮಿಷ ಓಡಿದರೆ ಗಾಬರಿ ಬೇಡ. ವಾಟರ್ ಪಂಪ್ ನಿಂತಿರುತ್ತದೆ, ಆದರೆ ಎಂಜಿನ್ ಬ್ಲಾಕಿನ ಲೋಹದಲ್ಲಿ ಉಳಿದ ಬಿಸಿ ನಿಂತ ಕೂಲೆಂಟಿಗೆ (ಎಂಜಿನ್ ತಂಪಾಗಿಡುವ ದ್ರವಕ್ಕೆ) ಇಳಿಯುತ್ತಲೇ ಇರುತ್ತದೆ. ಉಷ್ಣಾಂಶ ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಇದು ಹತ್ತು ನಿಮಿಷದವರೆಗೂ ಎಳೆಯಬಹುದು. ಹದಿನೈದು ನಿಮಿಷ ದಾಟಿತೆಂದರೆ ಅನುಮಾನಿಸಿ.

ಡೀಸೆಲ್ ಕಾರಿನಲ್ಲಿ ಇನ್ನೊಂದು ವಿಷಯವಿದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನೊಳಗೆ ಕೂತ ಮಸಿಯನ್ನು ಸುಟ್ಟುಕೊಳ್ಳುವಾಗ ಐಡ್ಲಿಂಗ್ ತುಸು ಏರುತ್ತದೆ, ಹೊಗೆ ಕೊಳವೆಯಿಂದ ಸುಟ್ಟ ಬಿಸಿ ವಾಸನೆ ಬರುತ್ತದೆ, ಫ್ಯಾನ್ ಜೋರಾಗುತ್ತದೆ. ಆ ಹೊತ್ತಿನಲ್ಲಿ ಗಾಡಿ ಆಫ್ ಮಾಡಿದರೆ ಫ್ಯಾನ್ ಮಾತ್ರ ಅಬ್ಬರಿಸುತ್ತ ಉಳಿಯುತ್ತದೆ. ಅಪರೂಪಕ್ಕೊಮ್ಮೆ ಹೀಗಾದರೆ ಸರಿ. ಎರಡು ದಿನಕ್ಕೊಮ್ಮೆ ಆಗುತ್ತಿದ್ದರೆ ಓಟ ತೀರಾ ಚಿಕ್ಕದಾಗಿ, ಸುಡುವ ಕೆಲಸ ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತಿದೆ ಎಂದರ್ಥ. ಆಗ ನೋಡಬೇಕಾದದ್ದು ಡಿಪಿಎಫ್, ಫ್ಯಾನ್ ಅಲ್ಲ.

ಇವು ಯಾವುದೂ ಅಲ್ಲದೆ, ಎಸಿ ಆಫ್ ಇದ್ದು, ತಣ್ಣಗಿನ ಎಂಜಿನ್ನಿನಲ್ಲೇ ಫ್ಯಾನ್ ಓಡಿದರೆ, ಅಥವಾ ಒಮ್ಮೆ ಶುರುವಾದದ್ದು ನಿಲ್ಲುವುದೇ ಇಲ್ಲವಾದರೆ ಮುಂದೆ ಓದಿ.

ಕೈಗೆ ಬೇಕಾದದ್ದು, ಕೈ ಉಳಿಸಿಕೊಳ್ಳಲು ಬೇಕಾದದ್ದು

ಒಂದು ಮಲ್ಟಿಮೀಟರ್, ಲೈವ್ ಡೇಟಾ ತೋರಿಸುವ ಒಬಿಡಿ ಸ್ಕ್ಯಾನರ್ (ಇಸಿಯುನ ಅಂಕಿಗಳನ್ನೂ ದೋಷದ ಕೋಡ್‌ಗಳನ್ನೂ ಓದುವ ಉಪಕರಣ, ಫೋನಿಗೆ ಜೋಡಿಸುವ ಬ್ಲೂಟೂತ್ ಥರದ್ದೂ ಸಾಕು), ಒಂದು ಗೇಣು ತುಂಡು ವೈರ್, ಟಾರ್ಚ್. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಎಲೆಕ್ಟ್ರಿಕ್ ಫ್ಯಾನ್ ಕೀ ತೆಗೆದ ಮೇಲೂ ಹೇಳದೆ ಕೇಳದೆ ತಿರುಗುತ್ತದೆ. ಬ್ಲೇಡಿನ ಹತ್ತಿರ ಬೆರಳು ಹೋಗುವ ಕೆಲಸವಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡದಲ್ಲಿ ಕೂಲೆಂಟ್ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಒತ್ತಡ ಹೋಗಿ, ಇದ್ದದ್ದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಯಲ್ಲಿ ಚಾರ್ಜ್ ಆಗುವಾಗಲೂ ಫ್ಯಾನ್ ಓಡುವುದು ಸಹಜ, ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗಬೇಡಿ.

ಬೆಳಗಿನ ತಣ್ಣನೆ ಪರೀಕ್ಷೆ

ರಾತ್ರಿಯಿಡೀ ನಿಂತ ಗಾಡಿಯೇ ಇದಕ್ಕೆ ಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗ ‘ಬಿಸಿ’ ಎಂಬ ಕಾರಣ ತಾನಾಗಿ ಪಟ್ಟಿಯಿಂದ ಬಿದ್ದುಹೋಗುತ್ತದೆ, ಅರ್ಧ ಕೆಲಸ ಮುಗಿದಂತೆ. ಎಸಿ, ಬ್ಲೋವರ್ ಆಫ್ ಮಾಡಿ, ಬಾನೆಟ್ ಎತ್ತಿ, ಫ್ಯಾನ್ ಯಾವ ಘಳಿಗೆಯಲ್ಲಿ ಶುರುವಾಗುತ್ತದೆ ಎಂದು ನೋಡಿ.

• ಕೀ ಹಾಕುವ ಮೊದಲೇ ಓಡುತ್ತಿದೆ: ರಿಲೇ ಅಂಟಿದೆ, ಇಲ್ಲವೇ ಫ್ಯಾನ್ ಮಾಡ್ಯೂಲ್ ಕೆಟ್ಟಿದೆ, ಇಲ್ಲವೇ ಯಾರೋ ಬ್ಯಾಟರಿಯಿಂದ ನೇರ ವೈರ್ ಎಳೆದಿದ್ದಾರೆ.
• ಕೀ ಆನ್ ಮಾಡಿದ ಕೆಲವೇ ಸೆಕೆಂಡಿನಲ್ಲಿ, ಅಥವಾ ಸ್ಟಾರ್ಟ್ ಮಾಡಿದ ಕೂಡಲೇ: ಕೂಲೆಂಟ್ ಸೆನ್ಸರ್, ಅದರ ವೈರ್, ಎಸಿ ಪ್ರೆಶರ್ ಸೆನ್ಸರ್, ಇಲ್ಲವೇ ರಿಲೇಯ ಕಂಟ್ರೋಲ್ ವೈರ್ ಎಲ್ಲೋ ಗಾಡಿಯ ಲೋಹದ ಬಾಡಿಗೆ ತಾಗಿದೆ.
• ಎಂಜಿನ್ ಬಿಸಿಯಾದ ಮೇಲೆ ಸರಿಯಾಗಿ ಶುರುವಾಗಿ, ಆಮೇಲೆ ನಿಲ್ಲುವುದಿಲ್ಲ: ಬಿಸಿ ನಿಜ. ಕೂಲಿಂಗ್‌ನಲ್ಲೇ ಕೊರತೆ ಇದೆ.

ಮೊದಲನೆಯದಾಗಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಫ್ಯಾನ್ 12 ಆಂಪಿಯರ್ ಎಳೆದರೂ 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ಗಂಟೆ ತುಂಬುವ ಮೊದಲೇ ಮಲಗುತ್ತದೆ. ಗಾಡಿ ನಿಲ್ಲಿಸಿದಾಗ ಫ್ಯಾನಿನ ಫ್ಯೂಸ್ ಕಿತ್ತಿಡಿ. ಕಿತ್ತದ್ದನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಟೇಪ್ ಹಾಕಿ ಸ್ಟೀರಿಂಗಿಗೆ ಅಂಟಿಸಿ. ಹಾಕಲು ಮರೆತು ಗಾಡಿ ಎತ್ತಿದರೆ ಏನಾಗುತ್ತದೆ ಎಂದು ಮೇಲೆಯೇ ಹೇಳಿದ್ದಾಗಿದೆ.

ರಿಲೇ

ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಯಲ್ಲಿ ಯಾವುದು ಎಲ್ಲಿದೆ ಎಂಬ ಚಿತ್ರವಿರುತ್ತದೆ. ಫ್ಯಾನ್ ಓಡುತ್ತಿರುವಾಗಲೇ ಅದರ ರಿಲೇ ಕಿತ್ತು ನೋಡಿ. ಎರಡು ವೇಗದ ಫ್ಯಾನಿಗೆ ಎರಡು ಅಥವಾ ಮೂರು ರಿಲೇ ಇರಬಹುದು. ಒಂದೊಂದಾಗಿ ಕೀಳಿ, ಯಾವುದು ಕಿತ್ತಾಗ ನಿಂತಿತು ಎಂದು ಗುರುತಿಟ್ಟುಕೊಳ್ಳಿ.

ನಿಂತಿತೆಂದರೆ ಎರಡೇ ಸಾಧ್ಯತೆ: ರಿಲೇ ಅಂಟಿದೆ, ಅಥವಾ ರಿಲೇ ಸರಿಯಿದ್ದು ಅದಕ್ಕೆ ಅಪ್ಪಣೆ ಬರುತ್ತಿದೆ. ಬೇರ್ಪಡಿಸುವುದು ಸುಲಭ. ಹಾರ್ನಿನದೋ ಮತ್ತೊಂದರದೋ ಅದೇ ಥರದ ರಿಲೇ ತಂದು ಇಲ್ಲಿ ಹಾಕಿ. ಕಾಲುಗಳ ಸಂಖ್ಯೆ, ಮೈಮೇಲೆ ಬರೆದ ಆಂಪಿಯರ್, ಪಕ್ಕದ ಸರ್ಕ್ಯೂಟ್ ಚಿತ್ರ ಮೂರೂ ಹೊಂದಬೇಕು. ಆಕಾರ ಒಂದೇ ಇದ್ದು ಒಳಗೆ ಡಯೋಡ್ ಇರುವ ರಿಲೇಗಳಿವೆ. 85 ಮತ್ತು 86 ಎಂದು ಗುರುತಿರುವ ಕಾಲುಗಳು ಅದಲುಬದಲಾದರೆ ಆ ಡಯೋಡ್ ನೇರ ಶಾರ್ಟ್ ಆಗುತ್ತದೆ. ಬದಲಿ ರಿಲೇ ಹಾಕಿದಾಗ ಫ್ಯಾನ್ ಸುಮ್ಮನಿದ್ದರೆ ಹಳೆಯದು ಅಂಟಿತ್ತು ಎಂದು ಖಚಿತ. ಇನ್ನೂ ಅನುಮಾನವಿದ್ದರೆ ಕಿತ್ತ ರಿಲೇಯ 30 ಮತ್ತು 87 ಕಾಲುಗಳ ನಡುವೆ ಮೀಟರ್ ಹಿಡಿಯಿರಿ. ಕರೆಂಟ್ ಇಲ್ಲದ ರಿಲೇಯಲ್ಲಿ ಇವೆರಡಕ್ಕೆ ಸಂಪರ್ಕವೇ ಇರಬಾರದು. ಮೀಟರ್ ಬೀಪ್ ಅಂದರೆ ಒಳಗಿನ ತುದಿಗಳು ಬೆಸೆದುಕೊಂಡಿವೆ. 85–86 ನಡುವೆ ಸಾಮಾನ್ಯವಾಗಿ 50ರಿಂದ 120 ಓಮ್ ಸಿಗುತ್ತದೆ, ಅದು ಕಾಯಿಲ್ (ರಿಲೇಯ ತುದಿಗಳನ್ನು ಕೂಡಿಸುವ ತಂತಿ ಸುರುಳಿ).

ಅಂಟಿದ ರಿಲೇಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಬಿಟ್ಟಿತೆಂದು ಮತ್ತೆ ಹಾಕಬೇಡಿ. ಪ್ಲಾಸ್ಟಿಕ್ ಟೋಪಿ ಎಬ್ಬಿಸಿ ನೋಡಿದರೆ ಕಾರಣ ಕಾಣುತ್ತದೆ: ನುಣುಪಾಗಿರಬೇಕಾದ ಎರಡು ಪುಟ್ಟ ಗುಂಡಿಗಳಲ್ಲಿ ಒಂದರ ಮೇಲೆ ಕಪ್ಪು ಕುಳಿ, ಇನ್ನೊಂದರ ಮೇಲೆ ಅಷ್ಟೇ ಗಾತ್ರದ ಮೊನಚು ಗುಬ್ಬಿ. ಒಂದು ಕಡೆಯ ಲೋಹ ಕಿಡಿಯಲ್ಲಿ ಕರಗಿ ಇನ್ನೊಂದು ಕಡೆ ಕೂತಿದೆ. ನಾಳೆ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರಿಲೇ ಸುಮ್ಮನೆ ಅಂಟುವುದಿಲ್ಲ ಎಂಬುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ ರಿಲೇ ಹಾಕಿ ಮೂರು ತಿಂಗಳಿಗೆ ಅದೂ ಅಂಟಿದಾಗ ರಿಲೇಯ ಗುಣಮಟ್ಟವನ್ನು ಬೈಯುತ್ತಾರೆ. ಬೇರಿಂಗ್ ಬಿಗಿಯಾದ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಂತೂ ಹಲವು ಪಟ್ಟು. ಬ್ಯಾಟರಿ ಬಿಚ್ಚಿ, ಬ್ಲೇಡನ್ನು ಬೆರಳಿಂದ ತಿರುಗಿಸಿ ಬಿಡಿ. ಗರಗರ ಎಂದರೆ, ಬಿಟ್ಟಲ್ಲೇ ಗಕ್ಕನೆ ನಿಂತರೆ, ಅಥವಾ ಹಿಡಿದು ಅಲುಗಿಸಿದಾಗ ಅಕ್ಕಪಕ್ಕ ಆಡಿದರೆ ಮೋಟಾರಿನ ಆಯುಷ್ಯ ಮುಗಿದಿದೆ. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಫ್ಯಾನ್ ಓಡುವಾಗಿನ ಆಂಪಿಯರ್ ನೋಡಿ. ಅದು ಫ್ಯೂಸಿನ ಅಂಕಿಗೆ ಹತ್ತಿರ ಹತ್ತಿರ ಇದ್ದರೆ ರಿಲೇಯ ಜತೆ ಮೋಟಾರನ್ನೂ ಬದಲಿಸಿ.

ಬದಲಿ ರಿಲೇ ಕೂಡ ಟಕ್ ಎಂದು ಹಿಡಿದು ಫ್ಯಾನ್ ಓಡಿಸಿದರೆ ಅಪ್ಪಣೆ ಬರುತ್ತಿದೆ. ರಿಲೇ ಕಿತ್ತು, ಕೀ ಆನ್ ಇಟ್ಟು, ಖಾಲಿ ಸಾಕೆಟ್ ಪರೀಕ್ಷಿಸಿ. ಕಾಯಿಲಿನ ಎರಡು ತೂತುಗಳಲ್ಲಿ ಒಂದಕ್ಕೆ 12 ವೋಲ್ಟ್ ಬರುತ್ತಿರುತ್ತದೆ, ಇನ್ನೊಂದು ಇಸಿಯು ಅರ್ಥ್ (ನೆಗೆಟಿವ್ ಸಂಪರ್ಕ) ಕೊಡುವ ಕಂಟ್ರೋಲ್ ವೈರ್. ಹೆಚ್ಚಿನ ಕಾರುಗಳ ಪದ್ಧತಿ ಇದೇ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ಆ ಕಂಟ್ರೋಲ್ ತೂತಿಗೆ ಹಿಡಿಯಿರಿ. 12 ವೋಲ್ಟ್ ಬಂದರೆ ಅದಕ್ಕೆ ಅರ್ಥ್ ಸಿಗುತ್ತಿದೆ. ಕೊಡುತ್ತಿರುವುದು ಇಸಿಯುವೋ, ಸವೆದು ಬಾಡಿಗೆ ತಾಗಿದ ವೈರೋ ತಿಳಿಯಲು ಕೀ ತೆಗೆದು, ಬ್ಯಾಟರಿ ಬಿಚ್ಚಿ, ಇಸಿಯು ಕನೆಕ್ಟರ್ ಕಳಚಿ, ಅದೇ ತೂತಿನಿಂದ ಬಾಡಿಗೆ ಓಮ್ ಅಳೆಯಿರಿ. ಆಗಲೂ ಸೊನ್ನೆಯ ಹತ್ತಿರವಿದ್ದರೆ ವೈರ್ ಎಲ್ಲೋ ಸಿಪ್ಪೆ ಕಳೆದುಕೊಂಡಿದೆ: ಬ್ಯಾಟರಿ ಟ್ರೇ ಅಂಚು, ಹೆಡ್‌ಲೈಟಿನ ಹಿಂಬದಿ, ಹಿಂದೆ ಡಿಕ್ಕಿಯಾಗಿ ರಿಪೇರಿಯಾದ ಜಾಗ ಮೊದಲು ನೋಡಿ. ಸಂಪರ್ಕ ಕಡಿದುಹೋದರೆ ಅಪ್ಪಣೆ ಇಸಿಯುನದ್ದು. ಇಸಿಯು ಕೆಟ್ಟಿದೆ ಎಂದು ತೀರ್ಮಾನಿಸುವ ಹೊತ್ತು ಇದಲ್ಲ. ಬಹುಪಾಲು ಅದು ಯಾರದೋ ಮಾತು ಕೇಳಿ ಕೊಟ್ಟ ಅಪ್ಪಣೆ.

ಎಲ್ಲ ರಿಲೇ ಕಿತ್ತರೂ ಫ್ಯಾನ್ ನಿಲ್ಲದಿದ್ದರೆ ಫ್ಯಾನಿನಿಂದ ಹಿಂದಕ್ಕೆ ವೈರ್ ಹಿಡಿದು ಹೋಗಿ. ಕಂಪನಿಯ ವೈರಿಂಗ್ ಒಂದೇ ಥರದ ಕಪ್ಪು ಕೊಳವೆಯೊಳಗೆ ಓಡುತ್ತದೆ. ನಡುವೆ ಹೊಸ ಟೇಪು, ಬೇರೆ ಬಣ್ಣದ ದಪ್ಪ ವೈರ್, ಬಾಡಿಗೆ ಸ್ಕ್ರೂ ಹೊಡೆದ ಒಂಟಿ ರಿಲೇ ಕಂಡರೆ ಹಿಂದೊಮ್ಮೆ ಗಾಡಿ ಕಾದಾಗ ಯಾರೋ ಫ್ಯಾನನ್ನು ‘ಡೈರೆಕ್ಟ್’ ಮಾಡಿದ್ದಾರೆ. ಅದನ್ನು ಬಿಚ್ಚಿದರೆ ಫ್ಯಾನ್ ನಿಲ್ಲುತ್ತದೆ, ಆದರೆ ಅಂದು ಗಾಡಿ ಕಾದ ಕಾರಣ ಇನ್ನೂ ಒಳಗೇ ಇರುತ್ತದೆ.

ಸೆನ್ಸರ್: ಒಂದೇ ಕೆಲಸ, ಎರಡು ವಿರುದ್ಧ ಅರ್ಥ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಹಳೆಯ ಕಾರುಗಳಲ್ಲಿ ರೇಡಿಯೇಟರಿನ ಪಕ್ಕಕ್ಕೆ ತಿರುಚಿದ ಥರ್ಮೋ ಸ್ವಿಚ್ ಇರುತ್ತದೆ. ಅದು ಬರೀ ಸ್ವಿಚ್ಚು: ಸುಮಾರು 95 ಡಿಗ್ರಿಗೆ ಕೂಡಿಕೊಳ್ಳುತ್ತದೆ, ನಾಲ್ಕೈದು ಡಿಗ್ರಿ ಇಳಿದಾಗ ಬಿಡುತ್ತದೆ. ಅದರ ಕನೆಕ್ಟರ್ ಕಿತ್ತರೆ ಫ್ಯಾನ್ ನಿಲ್ಲಬೇಕು. ತಣ್ಣಗಿರುವಾಗ ಓಡುತ್ತಿದ್ದ ಫ್ಯಾನ್ ಕಿತ್ತಾಗ ನಿಂತಿತೆಂದರೆ ಸ್ವಿಚ್ ಒಳಗೇ ಅಂಟಿದೆ, ಬದಲಿಸಿ.

ಈಗಿನ ಕಾರುಗಳಲ್ಲಿರುವುದು ಸೆನ್ಸರ್. ಎಂಜಿನ್ನಿನ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟಿಗೆ ದಾರಿ ಬಿಡುವ ಕವಾಟ) ಕೂರುವ ಮನೆಯ ಹತ್ತಿರ ಕೂತು ಉಷ್ಣಾಂಶವನ್ನು ಓಮ್ ರೂಪದಲ್ಲಿ ಇಸಿಯುಗೆ ಹೇಳುತ್ತದೆ. ಇದರ ಕನೆಕ್ಟರ್ ಕಿತ್ತರೆ ಫ್ಯಾನ್ ನಿಲ್ಲುವುದಿಲ್ಲ, ನಿಂತಿದ್ದದ್ದೂ ಓಡಲು ಶುರುವಾಗುತ್ತದೆ! ಉಷ್ಣಾಂಶ ಎಷ್ಟೆಂದು ತಿಳಿಯದಿದ್ದರೆ ಎಂಜಿನ್ ಸುಡುವುದಕ್ಕಿಂತ ಫ್ಯಾನ್ ಓಡುವುದೇ ವಾಸಿ ಎಂದು ಇಸಿಯು ಬರೆದವರು ತೀರ್ಮಾನಿಸಿಟ್ಟಿದ್ದಾರೆ. ಹಾಗಾಗಿ ‘ಸೆನ್ಸರ್ ಕಿತ್ತರೂ ಫ್ಯಾನ್ ನಿಲ್ಲಲಿಲ್ಲ, ಸೆನ್ಸರ್ ಸರಿಯಿದೆ’ ಎಂಬ ತರ್ಕ ತಲೆಕೆಳಗು. ನಿಮ್ಮ ಗಾಡಿಯಲ್ಲಿರುವುದು ಸ್ವಿಚ್ಚೋ ಸೆನ್ಸರೋ ಮೊದಲು ತಿಳಿದುಕೊಳ್ಳಿ.

ಸೆನ್ಸರ್ ಇರುವ ಗಾಡಿಗೆ ಸ್ಕ್ಯಾನರ್ ಜೋಡಿಸಿ. ಪಿ0115ರಿಂದ ಪಿ0119ರವರೆಗಿನ ಕೋಡ್‌ಗಳು ಕೂಲೆಂಟ್ ಸೆನ್ಸರಿನವು. ಪಿ0117 ಎಂದರೆ ಸಿಗ್ನಲ್ ತೀರಾ ಕೆಳಗಿದೆ, ಎಂದರೆ ಶಾರ್ಟ್. ಪಿ0118 ತೀರಾ ಮೇಲಿದೆ, ಎಂದರೆ ಕಡಿದಿದೆ. ಪಿ0119 ಬಂದು ಹೋಗುವ ದೋಷ. ಪಿ0480, ಪಿ0481 ಫ್ಯಾನಿನ ಕಂಟ್ರೋಲ್ ಸರ್ಕ್ಯೂಟಿನವು. ಕೋಡ್ ಇಲ್ಲದಿದ್ದರೆ ಸೆನ್ಸರ್ ಸರಿ ಎಂದಲ್ಲ. ತಣ್ಣಗಿನ ಎಂಜಿನ್ನಿಗೆ 60 ಡಿಗ್ರಿ ಎಂದು ಸುಳ್ಳು ಹೇಳುವ ಸೆನ್ಸರ್, ಅಂಕಿ ನಂಬುವಂತಿರುವ ಕಾರಣಕ್ಕೆ, ಕೋಡ್ ಇಲ್ಲದೆ ತಪ್ಪಿಸಿಕೊಳ್ಳಬಹುದು.

ಅದನ್ನು ಹಿಡಿಯುವುದು ಹೀಗೆ. ರಾತ್ರಿ ನಿಂತ ಗಾಡಿಯಲ್ಲಿ ಕೀ ಆನ್ ಮಾಡಿ, ಲೈವ್ ಡೇಟಾದಲ್ಲಿ ಕೂಲೆಂಟ್ ಉಷ್ಣಾಂಶ ಮತ್ತು ಎಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣಾಂಶ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಮೂರು ನಾಲ್ಕು ಡಿಗ್ರಿಯೊಳಗೆ ಹೊಂದಬೇಕು, ಹೊರಗಿನ ಹವೆಗೂ ಹತ್ತಿರ ಇರಬೇಕು. ಆಮೇಲೆ ಸ್ಟಾರ್ಟ್ ಮಾಡಿ. ಅಂಕಿ ಒಂದೊಂದೇ ಡಿಗ್ರಿ ಹತ್ತಿ 85–95ರ ಆಸುಪಾಸಿಗೆ ಬರಬೇಕು. ನಡುವೆ 70ರಿಂದ 110ಕ್ಕೆ ಹಾರಿ ಮತ್ತೆ ಇಳಿದರೆ ಅದು ಬಿಸಿಯಲ್ಲ, ಕೂಲೆಂಟ್ ಅಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ.

ತಪ್ಪು ಸೆನ್ಸರಿನದೋ ವೈರಿನದೋ ಎಂದು ತಿಳಿಯಲು ತುಂಡು ವೈರ್ ಸಾಕು. ಸೆನ್ಸರ್ ಕನೆಕ್ಟರ್ ಕಿತ್ತರೆ ಸ್ಕ್ಯಾನರ್ ಮೈನಸ್ 40ರ ಹತ್ತಿರ ತೋರಿಸಬೇಕು. ಎರಡು ಪಿನ್ನಿನ ಸೆನ್ಸರ್ ಆಗಿದ್ದರೆ ಗಾಡಿ ಕಡೆಯ ಕನೆಕ್ಟರಿನ ಎರಡೂ ಪಿನ್ನುಗಳನ್ನು ವೈರಿನಿಂದ ಕೂಡಿಸಿದಾಗ ಅಂಕಿ 130ರ ಮೇಲಕ್ಕೆ ಹಾರಬೇಕು. ಎರಡೂ ಆದರೆ ವೈರಿಂಗ್ ಮತ್ತು ಇಸಿಯು ಸರಿ, ಸೆನ್ಸರ್ ಬದಲಿಸಿ. ಕೂಡಿಸಿದಾಗಲೂ ಮೈನಸ್ 40 ಕದಲದಿದ್ದರೆ ವೈರ್ ಕಡಿದಿದೆ. ಕಿತ್ತಾಗಲೂ ನೂರಮೂವತ್ತೇ ತೋರಿಸಿದರೆ ವೈರುಗಳು ಒಂದಕ್ಕೊಂದು ತಾಗಿವೆ. ಕೆಲವು ಇಸಿಯುಗಳು ದೋಷ ಕಂಡ ಕೂಡಲೇ ನಿಜವಾದ ಅಂಕಿ ಬಚ್ಚಿಟ್ಟು 80ರ ಸುಮಾರಿನ ಕಲ್ಪಿತ ಅಂಕಿ ತೋರಿಸುತ್ತವೆ. ಕಿತ್ತರೂ ಕೂಡಿಸಿದರೂ ಒಂದೇ ಸಂಖ್ಯೆ ನಿಂತಿದ್ದರೆ ಇದೇ ಇರಬಹುದು. ಆಗ ಮೀಟರನ್ನೇ ನಂಬಬೇಕು.

ಮೀಟರಿನಲ್ಲಿ ಸೆನ್ಸರಿನ ಎರಡು ಪಿನ್ನುಗಳ ನಡುವೆ: 20 ಡಿಗ್ರಿಗೆ ಸಾಮಾನ್ಯವಾಗಿ 2,000ದಿಂದ 3,500 ಓಮ್, 80 ಡಿಗ್ರಿಗೆ 300 ಓಮ್ ಆಸುಪಾಸು, 100 ಡಿಗ್ರಿಗೆ 170ರಿಂದ 200. ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ಬಿಚ್ಚಿ ತೆಗೆದ ಸೆನ್ಸರಿನ ಹಿತ್ತಾಳೆ ತುದಿಯನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಜತೆಗಿಟ್ಟು ಕಾಯಿಸುತ್ತ ಹೋದರೆ ಓಮ್ ಎಲ್ಲೂ ತಡವರಿಸದೆ ಜಾರಬೇಕು.

ಕನೆಕ್ಟರ್ ಕಳಚಿದಾಗ ಒಳಗೆ ಹಸಿರು ಪುಡಿಯೋ, ಕೂಲೆಂಟಿನ ಜಿಗುಟೋ ಇದೆಯೇ ನೋಡಿ. ಕೊಳಕು ಎರಡು ರೀತಿ ಸುಳ್ಳಾಡಿಸುತ್ತದೆ. 90 ಡಿಗ್ರಿಯಲ್ಲಿ 240 ಓಮ್ ಇರುವ ಸೆನ್ಸರಿನ ಪಿನ್ನಿಗೆ ತುಕ್ಕು ಹಿಡಿದು 100 ಓಮ್ ಸೇರಿತೆಂದರೆ ಇಸಿಯುಗೆ ಕಾಣುವುದು 340 ಓಮ್, ಸುಮಾರು 79 ಡಿಗ್ರಿ. ಫ್ಯಾನ್ ಬೇಕಾದಾಗ ಬರುವುದೇ ಇಲ್ಲ. ಅದೇ ಪಿನ್ನುಗಳ ನಡುವೆ ಕೂಲೆಂಟ್ ಒಸರಿ 400 ಓಮಿನ ಅಡ್ಡದಾರಿ ಆಯಿತೆಂದರೆ ಒಟ್ಟು 150 ಓಮ್ ಆಗಿ, ಇಸಿಯುಗೆ 108 ಡಿಗ್ರಿ ಎಂದು ಕಾಣುತ್ತದೆ. ಫ್ಯಾನ್ ನಿಲ್ಲುವುದಿಲ್ಲ. ಇಂಥಲ್ಲಿ ಹೊಸ ಸೆನ್ಸರ್ ಹಾಕಿದರೂ ಕನೆಕ್ಟರ್ ತೊಳೆಯದಿದ್ದರೆ ಫಲವಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಒಸರಿದ್ದು ಸೆನ್ಸರಿನ ಮೈಯೊಳಗಿಂದಲೋ ಓ-ರಿಂಗಿನಿಂದಲೋ ಎಂದು ನೋಡಿ.

ಡ್ಯಾಶ್‌ಬೋರ್ಡಿನ ಮುಳ್ಳು ನಡುವೆ ನಿಂತಿದೆ, ಹಾಗಾದರೆ ಬಿಸಿ ಸರಿಯಿದೆ ಎಂದುಕೊಳ್ಳಬೇಡಿ. ಹಳೆಯ ಗಾಡಿಗಳಲ್ಲಿ ಮುಳ್ಳಿಗೆ ಬೇರೆ ಸೆನ್ಸರ್. ಹೊಸವುಗಳಲ್ಲಿ ಸುಮಾರು 75ರಿಂದ 105ರವರೆಗೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಚಾಲಕ ಗಾಬರಿಯಾಗದಿರಲಿ ಎಂದು. ಅಷ್ಟು ವ್ಯತ್ಯಾಸ ಅಡಗಿಸಿಡುವ ಗೇಜಿಗೆ ಬೆಲೆ ಕಡಿಮೆ.

ಎಸಿ ಕಡೆಯಿಂದ ಬರುವ ಅಪ್ಪಣೆ

ಎಸಿ ಪೈಪಿನ ಮೇಲೆ ಮೂರು ವೈರಿನ ಪ್ರೆಶರ್ ಸೆನ್ಸರ್ ಇರುತ್ತದೆ. ಗ್ಯಾಸಿನ ಒತ್ತಡ ಏರಿದಂತೆ ಇಸಿಯು ಫ್ಯಾನ್ ಜೋರು ಮಾಡುತ್ತದೆ. ಈ ಸೆನ್ಸರ್ ಕೆಟ್ಟರೆ ಎಸಿ ಆಫ್ ಇದ್ದರೂ ಫ್ಯಾನ್ ಓಡಿಸುವ ಗಾಡಿಗಳಿವೆ, ಕೋಡ್ ಪಿ0530ರಿಂದ ಪಿ0533. ಎಂಜಿನ್ ತಣ್ಣಗಿದ್ದು ಎಸಿ ಹಾಕದಿರುವಾಗ ಸ್ಕ್ಯಾನರಿನಲ್ಲಿ ಒತ್ತಡ ನೋಡಿ. ಆರ್134ಎ ಗ್ಯಾಸಿಗೆ 30 ಡಿಗ್ರಿ ಹವೆಯಲ್ಲಿ ನಿಂತ ಒತ್ತಡ ಸುಮಾರು 6.5–7 ಬಾರ್. 20 ಬಾರ್ ತೋರಿಸಿದರೆ ಸೆನ್ಸರ್ ಸುಳ್ಳು. ಅದರ ಸಿಗ್ನಲ್ ವೈರಿನಲ್ಲಿ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್ ನಡುವೆ ಏನೋ ಒಂದಿರಬೇಕು; 0 ಅಥವಾ 5ಕ್ಕೆ ಅಂಟಿಕೊಂಡಿದ್ದರೆ ವೈರ್ ನೋಡಿ.

ಎಸಿ ಹಾಕಿದಾಗ ಮಾತ್ರ ಫ್ಯಾನ್ ಸದಾ ಹೈ ಸ್ಪೀಡಿನಲ್ಲೇ ಇದ್ದರೆ ಗ್ಯಾಸ್ ಹೆಚ್ಚು ತುಂಬಿದ್ದಾರೆ, ಅಥವಾ ಕಂಡೆನ್ಸರಿನಲ್ಲಿ ಕಸ ತುಂಬಿದೆ. ಲೋ ಸ್ಪೀಡ್ ರೆಸಿಸ್ಟರ್ ಸುಟ್ಟಿದ್ದರೂ ಮೆಲ್ಲಗೆ ಓಡುವ ಹಂತವೇ ಮಾಯವಾಗಿ ಸುಮ್ಮನಿರುವುದು, ಅಬ್ಬರಿಸುವುದು ಎರಡೇ ಉಳಿಯುತ್ತವೆ.

ಬಿಸಿ ನಿಜವಾಗಿದ್ದರೆ

ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ, ಡಬ್ಬಿಯಲ್ಲಿ ಮಾತ್ರವಲ್ಲ, ಮುಚ್ಚಳ ಇರುವ ರೇಡಿಯೇಟರಾದರೆ ಅದನ್ನೂ ತೆರೆದು. ಮಟ್ಟ ಇಳಿದು ಏರ್ ಲಾಕ್ ಆಗಿದ್ದರೆ ಸೆನ್ಸರ್ ಒಮ್ಮೆ ಕೂಲೆಂಟಿನಲ್ಲಿ, ಒಮ್ಮೆ ಹಬೆಯಲ್ಲಿ ಇರುತ್ತದೆ, ಫ್ಯಾನಿಗೆ ಬಿಡುವಿರುವುದಿಲ್ಲ. ಹೀಟರ್ ಪೂರ್ತಿ ಬಿಸಿಗೆ ಇಟ್ಟಾಗ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿದೆ ಎಂಬುದಕ್ಕೆ ಅದೇ ಒಳ್ಳೆಯ ಸುಳಿವು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಎರಡು ಹೋಸ್‌ಗಳನ್ನೂ ಅಳೆಯಿರಿ. ಕಪ್ಪು ರಬ್ಬರಿನ ಮೇಲೆ ಅಂಕಿ ನಂಬಬಹುದು, ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಎಂಜಿನ್ನಿಂದ ಬರುವ ಹೋಸ್ ಸುಡುತ್ತಿದ್ದು, ಹಿಂದಿರುಗುವುದು ತಣ್ಣಗೇ ಉಳಿದಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಅಥವಾ ರೇಡಿಯೇಟರ್ ಒಳಗೆ ಕಟ್ಟಿದೆ. ಎರಡೂ ಒಂದೇ ಸಮ ಸುಡುತ್ತಿದ್ದರೆ ಕೂಲೆಂಟ್ ಹರಿಯುತ್ತಿದೆ, ಗಾಳಿ ಹಾಯುತ್ತಿಲ್ಲ.

ಗಾಳಿ ಹಾಯದಿರುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಗ್ರಿಲ್ ಮೂಲಕ ನೋಡಿದರೆ ಕಂಡೆನ್ಸರ್ ಚೊಕ್ಕ. ಅದರ ಮತ್ತು ರೇಡಿಯೇಟರಿನ ನಡುವಿನ ಬೆರಳಗಲದ ಸಂದಿಯಲ್ಲಿ ಧೂಳು, ಹುಳ, ಹತ್ತಿ ಎಳೆ ಸೇರಿ ಕಂಬಳಿಯ ಹಾಗೆ ಹಾಸಿರುತ್ತದೆ. ಫ್ಯಾನ್ ಕಡೆಯಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಬೆಳಕು ಬಾರದ ಭಾಗವೇ ಕಟ್ಟಿದ ಭಾಗ. ತಣ್ಣಗಾದ ಮೇಲೆ ತೋಟದ ಪೈಪಿನ ಹಗುರ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಿ. ಪ್ರೆಶರ್ ವಾಷರ್ ಬೇಡ, ರೇಡಿಯೇಟರಿನ ತೆಳು ಲೋಹದ ಎಲೆಗಳು ಮಡಚಿಕೊಂಡರೆ ಕಸಕ್ಕಿಂತ ಕೆಟ್ಟದ್ದಾಗುತ್ತದೆ.

ಇತ್ತೀಚೆಗೆ ಮೋಟಾರ್ ಬದಲಿಸಿದ್ದರೆ ಗಾಳಿಯ ದಿಕ್ಕನ್ನೂ ನೋಡಿ. ಎರಡು ವೈರ್ ಅದಲುಬದಲಾದರೆ ಫ್ಯಾನ್ ಹಿಮ್ಮುಖ ತಿರುಗಿ ಎದುರುಗಾಳಿಯ ಜತೆ ಜಗಳವಾಡುತ್ತದೆ. ರೇಡಿಯೇಟರಿನ ಹಿಂದೆ ಕೂತ ಫ್ಯಾನಾದರೆ, ಗ್ರಿಲ್ಲಿನ ಮುಂದೆ ಒಂದು ಹಾಳೆ ಹಿಡಿದಾಗ ಅದು ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಕಾರಣ ಸಿಕ್ಕಿತು. ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಶ್ರೌಡ್, ಅಂಚಿನ ಫೋಮ್ ಪಟ್ಟಿ ಇಲ್ಲದಿದ್ದರೂ ಬಿಸಿಗಾಳಿ ಪಕ್ಕದಿಂದ ಸುತ್ತಿ ಮತ್ತೆ ಮುಂದಕ್ಕೆ ಬರುತ್ತದೆ.

ಮಾಡ್ಯೂಲ್ ಮತ್ತು ಬೆಲ್ಟ್ ಫ್ಯಾನ್

ರಿಲೇ ಬದಲು ಫ್ಯಾನಿನ ಶ್ರೌಡ್ ಮೇಲೆ ಅಲ್ಯೂಮಿನಿಯಂ ಬೆನ್ನಿನ ಮಾಡ್ಯೂಲ್ ಇರುವ ಗಾಡಿಗಳಲ್ಲಿ ವೇಗ ಪಲ್ಸ್‌ಗಳಲ್ಲಿ ನಿಯಂತ್ರಣವಾಗುತ್ತದೆ. ಸ್ಕ್ಯಾನರಿನಲ್ಲಿ ಇಸಿಯು ಕೇಳುತ್ತಿರುವ ಫ್ಯಾನ್ ಶೇಕಡಾವಾರು ನೋಡಿ. ಇಸಿಯು 0 ಅನ್ನುತ್ತಿದ್ದು ಫ್ಯಾನ್ ಅಬ್ಬರಿಸುತ್ತಿದ್ದರೆ ಮಾಡ್ಯೂಲ್ ಕೆಟ್ಟಿದೆ, ಅಥವಾ ತೆಳ್ಳಗಿನ ಸಿಗ್ನಲ್ ವೈರ್ ಕಡಿದಿದೆ. ಸಿಗ್ನಲ್ ಸಿಗದಾಗ ಪೂರ್ಣ ವೇಗಕ್ಕೆ ಹೋಗುವಂತೆ ಇಂಥ ಅನೇಕ ಮಾಡ್ಯೂಲ್‌ಗಳನ್ನು ಮಾಡಿರುತ್ತಾರೆ. ಮಾಡ್ಯೂಲಿಗೆ ಹಣ ಸುರಿಯುವ ಮುನ್ನ ಆ ವೈರನ್ನು ಇಸಿಯುವರೆಗೆ ಓಮ್ ಅಳೆದು ನೋಡಿ.

ಬೆಲ್ಟಿನಿಂದ ತಿರುಗುವ ಫ್ಯಾನ್ ಎಂಜಿನ್ ಓಡುವಷ್ಟೂ ಹೊತ್ತು ತಿರುಗಲೇಬೇಕು, ಅದಕ್ಕೆ ಈ ಪರೀಕ್ಷೆಗಳೆಲ್ಲ ಸಲ್ಲುವುದಿಲ್ಲ. ಅಲ್ಲಿ ದೋಷವೆಂದರೆ ನಡುವಿನ ವಿಸ್ಕಸ್ ಕ್ಲಚ್ (ಬಿಸಿಗೆ ತಕ್ಕಂತೆ ಫ್ಯಾನನ್ನು ಹಿಡಿದು ಬಿಡುವ ಕೊಂಡಿ) ಜಾಮ್ ಆಗುವುದು. ಬೆಳಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷ ಭೋರೆನ್ನುವುದು ಸರಿ. ಆಮೇಲೂ ಎಂಜಿನ್ ವೇಗ ಏರಿದಂತೆ ಲಾರಿಯ ಹಾಗೆ ಭೋರೆಂದರೆ, ಎಂಜಿನ್ ನಿಲ್ಲಿಸಿ ಬ್ಲೇಡ್ ಕೈಯಿಂದ ತಿರುಗಿಸಿ. ತುಸು ತಡೆಯೊಂದಿಗೆ ತಿರುಗಬೇಕು. ಕಲ್ಲಿನಂತೆ ಬಿಗಿದಿದ್ದರೆ ಕ್ಲಚ್ ಬದಲಿಸಿ.

ಸರಿಯಾಯಿತೇ ಎಂದು ನೋಡುವುದು

ಸೆನ್ಸರ್ ಅಥವಾ ಥರ್ಮೋಸ್ಟಾಟ್ ಬದಲಿಸಿದ್ದರೆ ಹೊಸ ಓ-ರಿಂಗ್ ಹಾಕಿ, ಪ್ಲಾಸ್ಟಿಕ್ ಮನೆಯಾದರೆ ಬಿಗಿಸುವಾಗ ಕೈ ಹಿಡಿತದಲ್ಲಿರಲಿ, ಸುಲಭವಾಗಿ ಬಿರಿಯುತ್ತದೆ. ಕೂಲೆಂಟ್ ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಎಂಜಿನ್ ಐಡ್ಲಿಂಗಿನಲ್ಲಿ ಕಾಯುತ್ತಿರುವಾಗ ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಸುಕುತ್ತಿದ್ದರೆ ಸಿಕ್ಕ ಗಾಳಿ ಹೊರಡುತ್ತದೆ. ಹಳೆಯ ಕೋಡ್‌ಗಳನ್ನು ಅಳಿಸಿ, ಇಲ್ಲದಿದ್ದರೆ ಕೆಲವು ಇಸಿಯುಗಳು ಮುನ್ನೆಚ್ಚರಿಕೆಯಿಂದ ಕೆಳಗಿಳಿಯುವುದಿಲ್ಲ.

ಎಸಿ ಆಫ್ ಇಟ್ಟು ಕಾಯಿರಿ. 95–100 ಡಿಗ್ರಿ ಸುಮಾರಿಗೆ ಫ್ಯಾನ್ ಶುರುವಾಗಿ, ಒಂದೆರಡು ನಿಮಿಷ ಓಡಿ, ಅಂಕಿ ಐದಾರು ಡಿಗ್ರಿ ಇಳಿದಾಗ ನಿಲ್ಲಬೇಕು. ಒಂದು ಸಲ ನಿಂತಿತೆಂದು ಬಾನೆಟ್ ಮುಚ್ಚಬೇಡಿ, ಮೂರು ಸುತ್ತು ನೋಡಿ. ಆಮೇಲೆ ಎಸಿ ಹಾಕಿದಾಗ ಬರಬೇಕು, ತೆಗೆದಾಗ ಹೋಗಬೇಕು. ಕೀ ತೆಗೆದು ಹದಿನೈದು ನಿಮಿಷ ಬಿಟ್ಟು ಬಂದು ಕಿವಿಗೊಡಿ. ಮರುದಿನ ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕೂಲೆಂಟ್ ಮಟ್ಟ ಮತ್ತೊಮ್ಮೆ ನೋಡಿ. ಉಳಿದಿದ್ದ ಗಾಳಿ ರಾತ್ರಿ ಮೇಲೆ ಬಂದಿದ್ದರೆ ಮಟ್ಟ ಇಳಿದಿರುತ್ತದೆ, ಅಷ್ಟನ್ನು ತುಂಬಿ.